ಎಐ ವಿಡಿಯೊ, ಎಐ ದನಿ ಮತ್ತು ವಾಕ್ ಸ್ವಾತಂತ್ರ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಹೆಚ್ಚಾಗಿ ಭಾರತದ ಕಾನೂನಿನ ಬಗ್ಗೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ಅಂದ ಹಾಗೆ, ಇದು ವಕೀಲರ ಸಲಹೆ ಅಲ್ಲ. ನಿಮ್ಮ ಮೇಲೆ ಕೇಸು ಬಿದ್ದಿದ್ದರೆ ವಕೀಲರನ್ನೇ ಕಾಣಿ.

## ಮೊದಲ ಪ್ರಶ್ನೆಗಳು

ಎಐ ಮಾಡಿದ್ದಕ್ಕೂ ವಾಕ್ ಸ್ವಾತಂತ್ರ್ಯ ಇರುತ್ತಾ? ಮಾತಾಡಿದ್ದು ಮಷೀನ್ ತಾನೇ?

ಮಷೀನಿಗೆ ಹಕ್ಕಿಲ್ಲ, ಅದನ್ನು ಬಳಸಿದ ನಿಮಗಿದೆ. ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯವನ್ನು ನಾಗರಿಕರಿಗೆ ಕೊಡುತ್ತದೆ. ಪೆನ್ನಲ್ಲಿ ಬರೆದಿರೋ, ಕ್ಯಾಮೆರಾದಲ್ಲಿ ಹಿಡಿದಿರೋ, ಎಐಗೆ ಹೇಳಿ ಮಾಡಿಸಿದಿರೋ ಅಂತ ಅದು ಕೇಳುವುದಿಲ್ಲ. ಇಂಟರ್ನೆಟ್ ಮೂಲಕ ಆಡುವ ಮಾತಿಗೂ ಇದೇ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ 2020ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಹೇಳಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಹಕ್ಕು ನಿಮ್ಮದಾದರೆ ಹೊಣೆಯೂ ನಿಮ್ಮದೇ. 'ಎಐ ಮಾಡಿತು, ನಾನಲ್ಲ' ಅನ್ನುವ ನೆಪ ಪೊಲೀಸ್ ಠಾಣೆಯಲ್ಲೂ ನಡೆಯುವುದಿಲ್ಲ, ಕೋರ್ಟಿನಲ್ಲೂ ನಡೆಯುವುದಿಲ್ಲ.

ಸುಳ್ಳು ವಿಡಿಯೊ ಅಂತ ಗೊತ್ತಾದ ಮೇಲೆ ಸುಮ್ನೆ ಬ್ಯಾನ್ ಮಾಡೋಕೆ ಏನು ಕಷ್ಟ?

ಸಂವಿಧಾನ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಮಾತಿಗೆ ಕಡಿವಾಣ ಹಾಕಲು 19(2)ನೇ ವಿಧಿಯಲ್ಲಿ ಇರುವ ಕಾರಣಗಳು ಇಷ್ಟೇ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ದೇಶದ ಭದ್ರತೆ, ಬೇರೆ ದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. 'ಸುಳ್ಳು' ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ. ಪಟ್ಟಿಗೆ ಹೊಸದೇನನ್ನೂ ಸೇರಿಸುವಂತಿಲ್ಲ ಅಂತ 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಹಾಗಂತ ಸುಳ್ಳಿಗೆ ಪೂರ್ತಿ ಮಾಫಿ ಅಂತ ತಿಳಿಯಬೇಡಿ. ಸುಳ್ಳಿನಿಂದ ಒಬ್ಬರ ಮಾನ ಹೋದರೆ, ದುಡ್ಡು ಹೋದರೆ, ಗಲಭೆ ಹತ್ತಿದರೆ ಕಾನೂನು ಎದ್ದು ನಿಲ್ಲುತ್ತದೆ. ಅಂದರೆ ಕಾನೂನು ನೋಡಬೇಕಾದ್ದು ಆದ ಹಾನಿಯನ್ನು. ವಿಡಿಯೊ ಹೇಗೆ ತಯಾರಾಯಿತು ಅನ್ನುವುದು ಆಮೇಲಿನ ಮಾತು. ನಿಜವಾದ ವಿಡಿಯೊಗೆ ಸುಳ್ಳು ಅಡಿಬರಹ ಹಾಕಿ ಹರಿಬಿಟ್ಟರೂ ಊರಿಗೆ ಬೆಂಕಿ ಬೀಳಬಹುದು. ಅದಕ್ಕೆ ಎಐ ಬೇಕಾಗಿಯೇ ಇಲ್ಲ.

ಡೀಪ್‌ಫೇಕ್‌ಗೆ ನಮ್ಮಲ್ಲಿ ಕಾನೂನೇ ಇಲ್ವಂತೆ, ಹೌದಾ?

ಡೀಪ್‌ಫೇಕ್ ಅಂದರೆ ಎಐನಿಂದ ಮಾಡಿದ, ನಿಜದಂತೆಯೇ ಕಾಣುವ ನಕಲಿ ವಿಡಿಯೊ, ಚಿತ್ರ ಅಥವಾ ದನಿ. 'ಡೀಪ್‌ಫೇಕ್ ಕಾಯ್ದೆ' ಅಂತ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. ಆದರೆ ಹಿಡಿಯಲು ಬೇಕಾದಷ್ಟು ಕಲಂಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತು ಕದಿಯುವುದಕ್ಕೆ, 66ಡಿ ಬೇರೆಯವರ ಸೋಗು ಹಾಕಿ ವಂಚಿಸುವುದಕ್ಕೆ. ಎರಡಕ್ಕೂ 3 ವರ್ಷದವರೆಗೆ ಜೈಲು. 66ಇ ಖಾಸಗಿತನಕ್ಕೆ ಕೈ ಹಾಕಿದರೆ. 67 ಮತ್ತು 67ಎ ಅಶ್ಲೀಲಕ್ಕೆ, 67ಬಿ ಮಕ್ಕಳ ವಿಚಾರಕ್ಕೆ. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ.

ಕೊಡಗಿನ ರಶ್ಮಿಕಾ ಮಂದಣ್ಣ ಅವರ ಲಿಫ್ಟ್ ವಿಡಿಯೊ ನೆನಪಿದೆಯಾ? 2023ರ ನವೆಂಬರ್. ಬೇರೊಬ್ಬ ಮಹಿಳೆಯ ವಿಡಿಯೊಗೆ ಇವರ ಮುಖ ಅಂಟಿಸಿದ್ದರು. ದೆಹಲಿ ಪೊಲೀಸರು ಫೋರ್ಜರಿ ಕಲಂಗಳ ಜೊತೆ 66ಸಿ, 66ಇ ಹಾಕಿ ಕೇಸು ದಾಖಲಿಸಿದರು. 2024ರ ಜನವರಿಯಲ್ಲಿ ಆಂಧ್ರದಲ್ಲಿ ಒಬ್ಬನನ್ನು ಹಿಡಿದರು. ಹೊಸ ಕಾನೂನಿಗಾಗಿ ಯಾರೂ ಕಾಯಲಿಲ್ಲ. ಕೊರತೆ ಇದ್ದದ್ದು ವೇಗದಲ್ಲಿ. ಆರೋಪಿ ಸಿಗುವಷ್ಟರಲ್ಲಿ ವಿಡಿಯೊ ದೇಶ ಸುತ್ತಿ ಬಂದಿತ್ತು. ಇವತ್ತಿನ ಹೊಸ ನಿಯಮಗಳು ಹುಟ್ಟಿದ್ದು ಈ ವೇಗದ ಚಿಂತೆಯಿಂದಲೇ.

2026ರ ಫೆಬ್ರುವರಿಯಿಂದ ಏನೋ ಹೊಸ ರೂಲ್ಸ್ ಬಂದಿದೆ ಅಂತಾರೆ. ಏನದು?

2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಿಗೆ ಕೇಂದ್ರ ಸರ್ಕಾರ ಮಾಡಿದ ತಿದ್ದುಪಡಿ ಅದು. ಫೆಬ್ರುವರಿ 10ರಂದು ಪ್ರಕಟವಾಗಿ, 20ರಿಂದ ಜಾರಿಗೆ ಬಂತು. ಎಐ ಅಥವಾ ಬೇರೆ ಕಂಪ್ಯೂಟರ್ ವಿಧಾನದಿಂದ ಮಾಡಿದ, ನೋಡಿದರೆ ನಿಜವಾದ ವ್ಯಕ್ತಿ ಅಥವಾ ನಿಜವಾದ ಘಟನೆ ಅನ್ನಿಸುವ ಚಿತ್ರ, ಆಡಿಯೊ, ವಿಡಿಯೊಗಳಿಗೆ ಎದ್ದು ಕಾಣುವ ಲೇಬಲ್ ಇರಬೇಕು. ಎಲ್ಲಿ ತಯಾರಾಯಿತು ಅನ್ನುವ ಗುರುತೂ ಫೈಲಿನ ಒಳಗೆ ಕೂರಬೇಕು. ದೊಡ್ಡ ಜಾಲತಾಣಗಳು, ಅಂದರೆ ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರು ಇರುವಂಥವು, 'ಇದು ಎಐನಿಂದ ಮಾಡಿದ್ದಾ?' ಅಂತ ನಿಮ್ಮನ್ನು ಕೇಳಬೇಕು, ನೀವು ಹೇಳಿದ್ದನ್ನು ತಮ್ಮ ಕಡೆಯಿಂದಲೂ ಪರಿಶೀಲಿಸಬೇಕು.

ಇಷ್ಟಕ್ಕೇ ಸುದ್ದಿ ಮುಗಿಯಲಿಲ್ಲ. ಕೋರ್ಟ್ ಅಥವಾ ಸರ್ಕಾರದ ಆದೇಶ ಬಂದರೆ ತೆಗೆಯಲು ಇದ್ದ 36 ಗಂಟೆಯ ಗಡುವು 3 ಗಂಟೆಗೆ ಇಳಿಯಿತು. ನಗ್ನ ಚಿತ್ರ, ಬೇರೆಯವರ ಸೋಗು, ಇಂಥ ದೂರು ಬಾಧಿತರಿಂದಲೇ ಬಂದರೆ 24 ಗಂಟೆಯ ಬದಲು 2 ಗಂಟೆ. ಪಾಲಿಸದಿದ್ದರೆ ಕಂಪನಿಗೆ ಐಟಿ ಕಾಯ್ದೆಯ 79ನೇ ಕಲಂ ಕೊಡುವ ರಕ್ಷಣೆ ತಪ್ಪುತ್ತದೆ. ಬಳಕೆದಾರರು ಹಾಕಿದ್ದಕ್ಕೆ ತಾವೇ ಹೊಣೆ ಹೊರಬೇಕಾಗುತ್ತದೆ ಅನ್ನುವುದು ಕಂಪನಿಗಳ ದೊಡ್ಡ ಭಯ.

## ರೀಲ್ಸ್, ಟ್ರೋಲ್, ಹಾಡು

ಫೋಟೊಗೆ ಫಿಲ್ಟರ್ ಹಾಕ್ತೀನಿ, ಬ್ಯಾಕ್‌ಗ್ರೌಂಡ್ ಗಲಾಟೆ ತೆಗೀತೀನಿ. ಇದಕ್ಕೂ ಲೇಬಲ್ ಬೇಕಾ?

ಬೇಡ. ಬಣ್ಣ ಸರಿಮಾಡುವುದು, ಗದ್ದಲ ಕಡಿಮೆ ಮಾಡುವುದು, ಅನುವಾದ, ಸಬ್‌ಟೈಟಲ್, ಪಾಠದ ಸಾಮಗ್ರಿ ಇವೆಲ್ಲ ಒಳ್ಳೆಯ ಉದ್ದೇಶದಿಂದ ಮಾಡಿದ್ದಾದರೆ ಮತ್ತು ಮೂಲದ ಅರ್ಥ ಬದಲಾಗದಿದ್ದರೆ ನಿಯಮದಿಂದ ಹೊರಗೆ. ಬರೀ ಬರಹಕ್ಕೂ ಲೇಬಲ್ ನಿಯಮ ತಾಗುವುದಿಲ್ಲ. ಅದು ಇರುವುದು ಕಾಣುವ, ಕೇಳುವ ವಸ್ತುಗಳಿಗೆ.

ನಮ್ಮೂರ ಎಂಎಲ್‌ಎಯನ್ನ ಗೇಲಿ ಮಾಡೋ ಎಐ ವಿಡಿಯೊ ಹಾಕಿದ್ರೆ ಜೈಲಾ?

ಗೇಲಿ ಮಾಡಿದ್ದಕ್ಕೇ ಜೈಲಿಲ್ಲ. ಊರಿನ ಎಂಎಲ್‌ಎ ಗುಂಡಿ ಬಿದ್ದ ರಸ್ತೆಯಲ್ಲಿ ದೋಣಿ ನಡೆಸುವ ವಿಡಿಯೊ ನೋಡಿ ಯಾರೂ ಅದನ್ನು ನಿಜ ಅಂದುಕೊಳ್ಳುವುದಿಲ್ಲ, ಅಲ್ವಾ? ಅದು ಅಪ್ಪಟ ರಾಜಕೀಯ ಟೀಕೆ. ಇಂಥ ಮಾತಿಗೆ ಕೋರ್ಟುಗಳು ಜಾಸ್ತಿ ಜಾಗ ಕೊಟ್ಟಿವೆ. ಒಂದು ಬಂಗಾಳಿ ವಿಡಂಬನೆ ಸಿನಿಮಾವನ್ನು ಥಿಯೇಟರುಗಳಿಂದ ಇಳಿಸಿದ್ದಕ್ಕೆ ನಿರ್ಮಾಪಕರಿಗೆ ಮತ್ತು ಥಿಯೇಟರಿನವರಿಗೆ ₹20 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಪಶ್ಚಿಮ ಬಂಗಾಳ ಸರ್ಕಾರಕ್ಕೆ ಹೇಳಿತು. 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ಇನ್ನೊಂದು ಮುಖ್ಯ ಮಾತು ಬಂತು. ಮಾತಿಗೆ ಸಂಬಂಧಪಟ್ಟ, 3ರಿಂದ 7 ವರ್ಷ ಶಿಕ್ಷೆಯ ಆರೋಪಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಅಂತ. ಆಡಿದ ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಕಣ್ಣಿನಿಂದ ಅಳೆಯಬೇಕೇ ಹೊರತು ಎಲ್ಲಕ್ಕೂ ಹೆದರುವವರ ಕಣ್ಣಿನಿಂದ ಅಲ್ಲ ಅಂತಲೂ ಹೇಳಿತು.

ತೊಂದರೆ ಶುರುವಾಗುವುದು ಅಣಕ ಅಂತ ಗೊತ್ತಾಗದ ಹಾಗೆ ಮಾಡಿದಾಗ. ಅದೇ ಎಂಎಲ್‌ಎ ಒಂದು ಜಾತಿಯವರನ್ನು ಬೈಯುವ ಹಾಗೆ, ಪತ್ರಿಕಾಗೋಷ್ಠಿಯ ಥರವೇ ವಿಡಿಯೊ ಮಾಡಿದರೆ ಅದು ಗೇಲಿ ಅಲ್ಲ, ಅವರ ಬಾಯಿಗೆ ನೀವು ತುರುಕಿದ ಮಾತು. ಹೊಸ ನಿಯಮಗಳಲ್ಲಿ ವಿಡಂಬನೆಗೆ ಪ್ರತ್ಯೇಕ ವಿನಾಯಿತಿ ಬರೆದಿಲ್ಲ. ಇದು ದೊಡ್ಡ ಲೋಪ ಅನ್ನುವುದು ನನ್ನ ಅಭಿಪ್ರಾಯ. ಅದು ಸೇರುವ ತನಕ ಅಣಕದ ವಿಡಿಯೊಗೂ ಲೇಬಲ್ ಹಾಕಿಬಿಡಿ. ನಗು ಕಡಿಮೆಯಾಗುವುದಿಲ್ಲ.

ತೀರಿಹೋದ ಗಾಯಕರ ದನಿಯಲ್ಲಿ ಹೊಸ ಹಾಡು ಮಾಡಬಹುದಾ? ಅಭಿಮಾನಕ್ಕೆ ಅಷ್ಟೇ, ದುಡ್ಡಿಗಲ್ಲ.

ಇಲ್ಲಿ ಕಾನೂನು ಇನ್ನೂ ಮಸುಕು. ಬದುಕಿರುವವರಿಗೆ ರಕ್ಷಣೆ ಗಟ್ಟಿ. 2023ರಲ್ಲಿ ಅನಿಲ್ ಕಪೂರ್ ಅವರ ಹೆಸರು, ದನಿ, ಚಿತ್ರಗಳನ್ನು ಎಐ ಬಳಸಿ ಮಾರಾಟಕ್ಕೆ ಇಡುವುದನ್ನು ದೆಹಲಿ ಹೈಕೋರ್ಟ್ ತಡೆಯಿತು. 2024ರಲ್ಲಿ ಅರಿಜಿತ್ ಸಿಂಗ್ ಅವರ ದನಿಯನ್ನು ನಕಲು ಮಾಡುವ ಎಐ ಸಾಧನಗಳಿಗೆ ಬಾಂಬೆ ಹೈಕೋರ್ಟ್ ಬ್ರೇಕ್ ಹಾಕಿತು.

ತೀರಿಹೋದವರ ವಿಷಯ ಹಾಗಲ್ಲ. ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹಾಕಿದ್ದ ಕೇಸಿನಲ್ಲಿ, ಇಂಥ ಹಕ್ಕುಗಳು ವ್ಯಕ್ತಿಯ ಜೊತೆಗೇ ಹೋಗುತ್ತವೆ, ವಾರಸುದಾರರಿಗೆ ಬರುವುದಿಲ್ಲ ಅಂತ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿತು. ಆದರೂ ಹಳೆಯ ಧ್ವನಿಮುದ್ರಿಕೆಯ ತುಣುಕು, ಸಾಹಿತ್ಯ, ರಾಗ ಬಳಸಿದರೆ ಕಾಪಿರೈಟ್ ಬೇರೆಯೇ ಕಥೆ. 'ದುಡ್ಡಿಗಲ್ಲ' ಅನ್ನುವುದು ಅಲ್ಲಿ ಪೂರ್ತಿ ಗುರಾಣಿ ಆಗುವುದಿಲ್ಲ. ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆಯ ವಿಷಯ. ಕಾನೂನು ಕೇಳು ಅನ್ನದಿದ್ದರೂ.

ನನ್ನ ತಂಗಿಯ ಫೋಟೊ ತಗೊಂಡು ಯಾರೋ ಕೆಟ್ಟ ಚಿತ್ರ ಮಾಡಿದ್ದಾರೆ. ಏನು ಮಾಡಬೇಕು?

ಮೊದಲು ಲಿಂಕ್, ಅಕೌಂಟ್ ಹೆಸರು, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಜಾಲತಾಣದಲ್ಲೇ ದೂರು ಕೊಡಿ. ದೂರು ಅವಳ ಹೆಸರಿನಲ್ಲಿ, ಅಥವಾ ಅವಳ ಪರವಾಗಿ ಇರಲಿ. 2 ಗಂಟೆಯ ಗಡುವು ಅನ್ವಯಿಸುವುದು ಇಂಥ ದೂರಿಗೇ. 1930ಕ್ಕೆ ಕರೆ ಮಾಡಿ, ಅಥವಾ ಸೈಬರ್ ಅಪರಾಧಗಳ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಬರೆಯಿರಿ. ಪೋರ್ಟಲ್‌ನಲ್ಲಿ ಮಹಿಳೆಯರು, ಮಕ್ಕಳ ದೂರುಗಳಿಗೆ ಬೇರೆಯೇ ವಿಭಾಗ ಇದೆ. ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು.

ಒಂದು ಮಾತು. ವಾಕ್ ಸ್ವಾತಂತ್ರ್ಯದ ಪರ ಎಷ್ಟೇ ಗಟ್ಟಿಯಾಗಿ ನಿಲ್ಲುವವರೂ ಇಲ್ಲಿ ಎರಡು ಮಾತಾಡುವುದಿಲ್ಲ. ಒಪ್ಪಿಗೆ ಇಲ್ಲದ ಅಶ್ಲೀಲ ಚಿತ್ರದಲ್ಲಿ ಕಾಪಾಡಬೇಕಾದ ಮಾತು ಏನೂ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ 9 ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

## ಕಾನೂನಿನ ಒಳಮನೆ

ಬಲವಂತವಾಗಿ ಲೇಬಲ್ ಹಾಕಿಸೋದೂ ವಾಕ್ ಸ್ವಾತಂತ್ರ್ಯದ ಮೇಲೆ ಹೇರಿಕೆ ಅಲ್ವಾ?

ಹೇರಿಕೆ ಹೌದು, ಆದರೆ ಸಣ್ಣದು. ಅಳತೆ ಸರಿಯಾಗಿದ್ದರೆ ಒಪ್ಪಬಹುದು. 2025ರ ಅಕ್ಟೋಬರ್‌ನ ಕರಡಿನಲ್ಲಿ ಚಿತ್ರದ 10% ಜಾಗ, ಆಡಿಯೊದ ಮೊದಲ 10% ಹೊತ್ತು ಲೇಬಲ್‌ಗೇ ಹೋಗಬೇಕು ಅಂತ ಇತ್ತು. 10 ನಿಮಿಷದ ಆಡಿಯೊ ನಾಟಕ ಅಂದರೆ ಮೊದಲ ಒಂದು ನಿಮಿಷ ಬರೀ ಎಚ್ಚರಿಕೆ! ಆಕ್ಷೇಪಗಳು ಬಂದವು, ಅಂತಿಮ ನಿಯಮದಲ್ಲಿ ಆ ಲೆಕ್ಕ ಕೈಬಿಟ್ಟರು. 'ಎದ್ದು ಕಾಣಬೇಕು' ಅಂತ ಮಾತ್ರ ಉಳಿಯಿತು. ಯುರೋಪಿನ ಎಐ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿದೆ. ಕಲೆ, ವಿಡಂಬನೆ, ಕಥೆಗಳಲ್ಲಿ ಲೇಬಲ್ ಇರಲಿ, ಆದರೆ ನೋಡುವ ಖುಷಿಗೆ ಅಡ್ಡ ಬರದ ಹಾಗೆ ಇರಲಿ ಅನ್ನುತ್ತದೆ.

ಲೇಬಲ್‌ಗೆ ಇನ್ನೊಂದು ಮಿತಿ ಇದೆ. ವಂಚಕ ಲೇಬಲ್ ಹಾಕುವುದಿಲ್ಲ. ಷೇರು ಹೂಡಿಕೆ ಹೆಸರಿನಲ್ಲಿ ತಮ್ಮ ನಕಲಿ ವಿಡಿಯೊ ಓಡಾಡುತ್ತಿದೆ, ನಂಬಬೇಡಿ ಅಂತ ನಾರಾಯಣ ಮೂರ್ತಿ ಅವರು 2023ರ ಡಿಸೆಂಬರ್‌ನಲ್ಲಿ ಜನರಿಗೆ ಎಚ್ಚರಿಕೆ ಕೊಡಬೇಕಾಯಿತು. ಅಂಥ ವಿಡಿಯೊ ಮಾಡುವವರು ಯಾವ ನಿಯಮವನ್ನೂ ಓದುವುದಿಲ್ಲ. ಎಲ್ಲ ಕಡೆ ಲೇಬಲ್ ಬಂದ ಮೇಲೆ, ಲೇಬಲ್ ಇಲ್ಲದ್ದೆಲ್ಲ ನಿಜ ಅಂತ ಜನ ನಂಬಲು ಶುರುಮಾಡಿದರೆ ವಂಚಕನಿಗೇ ಲಾಭ.

ಕೆಟ್ಟ ವಿಡಿಯೊ 3 ಗಂಟೆಯಲ್ಲಿ ಹೋದರೆ ಒಳ್ಳೇದೇ ಅಲ್ವಾ? ಇದಕ್ಕೆ ಯಾಕೆ ವಿರೋಧ?

ನನ್ನ ಪ್ರಕಾರ ನಿಜವಾದ ಜಗಳ ಇರುವುದು ಇಲ್ಲೇ. ಲೇಬಲ್‌ಗಿಂತ ಈ ಗಡಿಯಾರವೇ ಹೆಚ್ಚು ಅಪಾಯ.

ಮೊದಲನೆಯದಾಗಿ, 3 ಗಂಟೆಯ ಗಡುವು ಎಐ ವಿಡಿಯೊಗೆ ಮಾತ್ರ ಅಲ್ಲ. ಸರ್ಕಾರ ಕಾನೂನುಬಾಹಿರ ಅಂದ ಯಾವುದಕ್ಕೂ ಅದೇ ಗಡುವು. ಕೈಯಾರೆ ಬರೆದ ಲೇಖನ, ಮೊಬೈಲಿನಲ್ಲಿ ಹಿಡಿದ ಪ್ರತಿಭಟನೆಯ ವಿಡಿಯೊ, ಎಲ್ಲಕ್ಕೂ. ಡೀಪ್‌ಫೇಕ್ ತೋರಿಸಿ ತಂದ ನಿಯಮ ಎಲ್ಲ ಮಾತಿನ ಮೇಲೂ ಕೂತಿತು.

ಆಮೇಲೆ ಕಂಪನಿಯ ಕಡೆಯಿಂದ ನೋಡಿ. ರಾತ್ರಿ 2ಕ್ಕೆ ಆದೇಶ ಬಂದರೆ ಬೆಳಗ್ಗೆ 5ರೊಳಗೆ ತೀರ್ಮಾನ ಆಗಬೇಕು. ವಿಡಿಯೊ ಕನ್ನಡದ ಯಾವುದೋ ಒಳನುಡಿಯಲ್ಲಿದೆ, ಅದು ಅಣಕವೋ ಬೆದರಿಕೆಯೋ ಅಂತ ಊರಿನವರಿಗೆ ಮಾತ್ರ ತಿಳಿಯುತ್ತದೆ. ಇಟ್ಟುಕೊಂಡರೆ ಕೋರ್ಟು, ಕಚೇರಿ ಅಂತ ಅಲೆದಾಟ. ತೆಗೆದರೆ ಕಂಪನಿಗೆ ಯಾವ ನಷ್ಟವೂ ಇಲ್ಲ. ಯಾರಾದರೂ ಏನು ಮಾಡುತ್ತಾರೆ? ತೆಗೆದುಬಿಡುತ್ತಾರೆ.

ವಿಡಿಯೊ ಮಾಡಿದವನ ಮಾತು ಕೇಳುವ ಜಾಗ ಎಲ್ಲಿದೆ? ತೆಗೆಯುವ ಮುಂಚೆ ಅವನಿಗೆ ನೋಟಿಸ್ ಕೊಡಬೇಕು, ವಾದ ಕೇಳಬೇಕು ಅನ್ನುವುದು ಈ ದಾರಿಯಲ್ಲಿ ಇಲ್ಲ. 2025ರ ನವೆಂಬರ್ 15ರಿಂದ ಒಂದಿಷ್ಟು ಬಿಗಿ ಬಂದಿದೆ, ಅದನ್ನು ಒಪ್ಪಬೇಕು. ಹಿರಿಯ ಅಧಿಕಾರಿಗಳೇ ಆದೇಶ ಕೊಡಬೇಕು, ಪೊಲೀಸರಾದರೆ ಡಿಐಜಿ ಮಟ್ಟಕ್ಕಿಂತ ಕೆಳಗಿನವರು ಕೊಡುವಂತಿಲ್ಲ. ಕಾರಣ ಬರೆಯಬೇಕು. ತಿಂಗಳಿಗೊಮ್ಮೆ ಕಾರ್ಯದರ್ಶಿ ಮಟ್ಟದವರು ಪರಿಶೀಲಿಸಬೇಕು. ಆದರೆ ಪರಿಶೀಲಿಸುವವರೂ ಸರ್ಕಾರದವರೇ.

ಅಶ್ಲೀಲ ಡೀಪ್‌ಫೇಕ್‌ಗೆ 2 ಗಂಟೆ ಇರಲಿ, ತಕರಾರಿಲ್ಲ. ಅಲ್ಲಿ ಬಾಧಿತರೇ ದೂರುತ್ತಾರೆ, ಗುರುತಿಸುವುದೂ ಸುಲಭ. ರಾಜಕೀಯ ಮಾತಿಗೂ ಹೆಚ್ಚುಕಡಿಮೆ ಅದೇ ವೇಗ ಯಾಕೆ? ಅಲ್ಲಿ ತುರ್ತಿದ್ದರೆ ತಾತ್ಕಾಲಿಕವಾಗಿ ಮರೆಮಾಡಿ, ಮಾಡಿದವನಿಗೆ ತಿಳಿಸಿ, ಒಂದೆರಡು ದಿನದೊಳಗೆ ಸರ್ಕಾರದ ಹೊರಗಿನವರು ಯಾರಾದರೂ ತೀರ್ಮಾನಿಸಲಿ. ಆದೇಶಗಳ ಪಟ್ಟಿ ಜನರಿಗೆ ಕಾಣುವಂತಿರಲಿ. ಇದು ಕಷ್ಟದ ವ್ಯವಸ್ಥೆಯೇನೂ ಅಲ್ಲ.

ಎಕ್ಸ್ ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ಸೋತಿತಲ್ಲ, ಹಾಗಾದ್ರೆ ವಿಷಯ ಮುಗೀತಾ?

ಮುಗಿದಿಲ್ಲ. 'ಸಹಯೋಗ್' ಅನ್ನುವ ಸರ್ಕಾರಿ ಪೋರ್ಟಲ್ ಮೂಲಕ ಅಧಿಕಾರಿಗಳು ತೆಗೆಯುವ ಆದೇಶ ಕಳಿಸುವುದನ್ನು ಎಕ್ಸ್ (ಹಿಂದಿನ ಟ್ವಿಟರ್) ಪ್ರಶ್ನಿಸಿತ್ತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿ ವಜಾ ಮಾಡಿದರು. 19ನೇ ವಿಧಿ ನಾಗರಿಕರಿಗೆ ಇರುವುದು, ವಿದೇಶಿ ಕಂಪನಿ ಅದರ ನೆರಳಿನಲ್ಲಿ ನಿಲ್ಲುವಂತಿಲ್ಲ ಅನ್ನುವುದು ತೀರ್ಪಿನ ಒಂದು ಮುಖ್ಯ ಅಂಶ. ಎಕ್ಸ್ ಮೇಲ್ಮನವಿ ಸಲ್ಲಿಸಿದೆ.

ಕಂಪನಿ ಸೋತಿತು ಅಂತ ಖುಷಿಪಡುವವರಿಗೆ ಒಂದು ಕಿವಿಮಾತು. ಆ ಪೋಸ್ಟ್‌ಗಳನ್ನು ಬರೆದದ್ದು ಕಂಪನಿ ಅಲ್ಲ, ಜನ. ಕಂಪನಿಗೆ 19ನೇ ವಿಧಿ ಇಲ್ಲ, ಸರಿ. ಆದರೆ ಬರೆದವರಿಗೆ ಆದೇಶದ ಪ್ರತಿಯೇ ಸಿಗದಿದ್ದರೆ ಅವರು ಕೋರ್ಟಿಗೆ ಏನು ಹಿಡಿದುಕೊಂಡು ಹೋಗಬೇಕು?

ಯಾವುದು ಸುಳ್ಳು ಅಂತ ಸರ್ಕಾರವೇ ಹೇಳಿಬಿಟ್ಟರೆ ಗೊಂದಲವೇ ಇರಲ್ಲ. ಏನು ತಪ್ಪು?

ಸರ್ಕಾರದ ಬಗ್ಗೆಯೇ ಸುದ್ದಿ ಇದ್ದಾಗ? 2023ರಲ್ಲಿ ಕೇಂದ್ರ ಸರ್ಕಾರ ತನ್ನ ಕೆಲಸದ ಬಗೆಗಿನ ಮಾಹಿತಿಯನ್ನು 'ನಕಲಿ' ಎಂದು ಗುರುತಿಸುವ ಫ್ಯಾಕ್ಟ್ ಚೆಕ್ ಘಟಕಕ್ಕೆ ನಿಯಮ ತಂದಿತು. ಹಾಸ್ಯಗಾರ ಕುನಾಲ್ ಕಾಮ್ರಾ, ಎಡಿಟರ್ಸ್ ಗಿಲ್ಡ್ ಮೊದಲಾದವರು ಬಾಂಬೆ ಹೈಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಒಡೆಯಿತು. ಸೆಪ್ಟೆಂಬರ್ 20ರಂದು ಮೂರನೆಯವರು ನಿಯಮ ಸಂವಿಧಾನಕ್ಕೆ ವಿರುದ್ಧ ಅಂದರು, ಅದು ಬಿದ್ದುಹೋಯಿತು. ತನ್ನ ಕೇಸಿನಲ್ಲಿ ತಾನೇ ತೀರ್ಪುಗಾರ ಆಗುವಂತಿಲ್ಲ ಅನ್ನುವ ಸರಳ ನ್ಯಾಯ ಇದು.

ನಮ್ಮ ರಾಜ್ಯದಲ್ಲೂ 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡೊಂದು ಹೊರಗೆ ಬಂತು. ಅದರಲ್ಲಿ 7 ವರ್ಷದವರೆಗೆ ಜೈಲು, ₹10 ಲಕ್ಷದವರೆಗೆ ದಂಡ ಇತ್ತು. ತೀರ್ಮಾನ ಮಾಡುವ ಪ್ರಾಧಿಕಾರದಲ್ಲಿ ಸರ್ಕಾರದ ಕೈಯೇ ಮೇಲೆ. ಟೀಕೆ ಜೋರಾಗಿಯೇ ಬಂತು. ಯಾವ ಪಕ್ಷದ ಸರ್ಕಾರ ಇದ್ದರೂ ಪ್ರಶ್ನೆ ಒಂದೇ: ನಾಳೆ ಈ ಅಧಿಕಾರ ನಿಮಗೆ ಹಿಡಿಸದವರ ಕೈಗೆ ಹೋದರೆ ಒಪ್ಪುತ್ತೀರಾ?

66ಎ ರದ್ದಾಗಿದ್ದು ಹಳೇ ಕಥೆ. ಎಐ ಕಾಲಕ್ಕೆ ಅದು ಯಾಕೆ ಬೇಕು?

66ಎ ಅಂದರೆ ಆನ್‌ಲೈನ್‌ನಲ್ಲಿ ಬೇರೆಯವರಿಗೆ ಕಿರಿಕಿರಿ ಆಗುವಂಥದ್ದು ಹಾಕಿದರೂ ಜೈಲಿಗೆ ಕಳಿಸಬಹುದಾಗಿದ್ದ ಐಟಿ ಕಾಯ್ದೆಯ ಕಲಂ. ಇವತ್ತಿನ ನಿಯಮಗಳನ್ನು ಅಳೆಯುವ ಅಳತೆಗೋಲು ಸಿಕ್ಕಿದ್ದು ಅದು ರದ್ದಾದ ತೀರ್ಪಿನಿಂದಲೇ. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ, ಅದನ್ನು ಲೈಕ್ ಮಾಡಿದ್ದಕ್ಕೆ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಿದರು. ಶ್ರೇಯಾ ಸಿಂಘಾಲ್ ಅನ್ನುವ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು 66ಎ ರದ್ದಾಯಿತು. 'ಕಿರಿಕಿರಿ', 'ಅನಾನುಕೂಲ' ಅಂಥ ಸಡಿಲ ಪದಗಳಿಗೆ ಜೈಲು ಸಲ್ಲದು ಅಂತ ಕೋರ್ಟ್ ಹೇಳಿತು. ಚರ್ಚೆ ಮಾಡುವುದು, ಒಂದು ವಾದವನ್ನು ಪ್ರತಿಪಾದಿಸುವುದು, ಕೃತ್ಯಕ್ಕೆ ಪ್ರಚೋದಿಸುವುದು ಮೂರೂ ಬೇರೆ. ಕಾನೂನು ಕೈ ಹಾಕಬಹುದಾದ್ದು ಮೂರನೆಯದಕ್ಕೆ. ಎಐ ನಿಯಮದಲ್ಲಿ 'ದಾರಿತಪ್ಪಿಸುವ' ಅನ್ನುವಂಥ ಪದ ಕಂಡಾಗಲೆಲ್ಲ ಈ ಮೂರು ಮೆಟ್ಟಿಲಿನ ಮೇಲೆ ಇಟ್ಟು ನೋಡಬೇಕು.

ಚುನಾವಣೆ ಹೊತ್ತಲ್ಲಾದ್ರೂ ಪೂರ್ತಿ ನಿಲ್ಲಿಸಬಾರದಾ?

ಚುನಾವಣಾ ಆಯೋಗ ಪೂರ್ತಿ ನಿಲ್ಲಿಸಿಲ್ಲ. 2024ರ ಮೇ 6ರಂದು, ಡೀಪ್‌ಫೇಕ್ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಿರಿ ಅಂತ ಪಕ್ಷಗಳಿಗೆ ಹೇಳಿತು. 2025ರ ಅಕ್ಟೋಬರ್‌ನಲ್ಲಿ, ಬಿಹಾರ ಚುನಾವಣೆಯ ಹೊತ್ತಿಗೆ, ಪ್ರಚಾರದ ಎಐ ವಸ್ತುಗಳಿಗೆ ಲೇಬಲ್ ಕಡ್ಡಾಯ ಮಾಡಿತು. ಇದು ಸರಿಯಾದ ದಿಕ್ಕು ಅನ್ನಿಸುತ್ತದೆ. ಪಕ್ಷಕ್ಕೆ ದುಡ್ಡಿದೆ, ಐಟಿ ಸೆಲ್ ಇದೆ, ಹೊಣೆ ಹೊರಿಸಬಹುದು. ಸಾಮಾನ್ಯ ಮತದಾರನ ಅಣಕಕ್ಕೂ ಪಕ್ಷದ ಪ್ರಚಾರಕ್ಕೂ ಒಂದೇ ತಕ್ಕಡಿ ಬೇಡ.

ಕ್ಯಾಲಿಫೋರ್ನಿಯಾದಲ್ಲಿ ಆ ತಕ್ಕಡಿ ಒಂದೇ ಮಾಡಲು ಹೋಗಿ ಕೆಟ್ಟಿತು. ಚುನಾವಣೆಯ ಡೀಪ್‌ಫೇಕ್ ತಡೆಯುವ ಕಾನೂನನ್ನು ಕಮಲಾ ಹ್ಯಾರಿಸ್ ಅವರ ಅಣಕು ವಿಡಿಯೊ ಮಾಡಿದವರು ಪ್ರಶ್ನಿಸಿದರು. 2024ರ ಅಕ್ಟೋಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅದರ ಬಹುಪಾಲಿಗೆ ತಡೆ ಕೊಟ್ಟರು. ಕಾನೂನು ಕೇಳಿದಷ್ಟು ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಬರೆದರೆ ವಿಡಿಯೊಗೆ ಪರದೆಯಲ್ಲಿ ಜಾಗವೇ ಉಳಿಯುತ್ತಿರಲಿಲ್ಲ!

ಅಮೆರಿಕದಲ್ಲಿ ಏನು ಬೇಕಾದ್ರೂ ಹಾಕಬಹುದಂತೆ, ನಿಜಾನಾ? ನನ್ನ ಮಗ ಅಲ್ಲೇ ಇದ್ದಾನೆ.

ಸುಳ್ಳು. ರಾಜಕೀಯ ಮಾತಿಗೆ ಅಲ್ಲಿ ರಕ್ಷಣೆ ನಮಗಿಂತ ಜಾಸ್ತಿ, ಅದು ನಿಜ. ಆದರೆ 2025ರ ಮೇ 19ರಂದು ಸಹಿ ಬಿದ್ದ 'ಟೇಕ್ ಇಟ್ ಡೌನ್' ಕಾಯ್ದೆಯ ಪ್ರಕಾರ, ಒಪ್ಪಿಗೆ ಇಲ್ಲದ ಅಶ್ಲೀಲ ಚಿತ್ರ ಹಾಕುವುದು ಅಪರಾಧ. ಡೀಪ್‌ಫೇಕ್ ಆಗಿದ್ದರೂ ಅಷ್ಟೇ. ದೂರು ಬಂದ 48 ಗಂಟೆಯಲ್ಲಿ ಜಾಲತಾಣ ತೆಗೆಯಬೇಕು. ಇನ್ನು, ಅಲ್ಲಿ ಕೂತು ಕರ್ನಾಟಕದ ರಾಜಕೀಯದ ಬಗ್ಗೆ ಎಐ ವಿಡಿಯೊ ಹಾಕಿದರೆ, ಅದು ಇಲ್ಲಿ ಕಾಣದ ಹಾಗೆ ಭಾರತದ ಆದೇಶ ಬರಬಹುದು.

ನಿಜವಾದ ವಿಡಿಯೊವನ್ನೇ 'ಅದು ಎಐ' ಅಂತ ತಳ್ಳಿಹಾಕಿದರೆ ಏನು ಮಾಡೋದು?

ಇದು ಈಗಾಗಲೇ ಸುಲಭದ ಜಾರುದಾರಿ ಆಗುತ್ತಿದೆ. ಲಂಚ ತೆಗೆದುಕೊಳ್ಳುವುದು ಕ್ಯಾಮೆರಾದಲ್ಲಿ ಸಿಕ್ಕಿತು ಅಂದುಕೊಳ್ಳಿ. ಆತ 'ಎಐ ಕೈವಾಡ' ಅಂದುಬಿಟ್ಟರೆ ಸಾಕು, ಅರ್ಧ ಜನ ಅನುಮಾನಕ್ಕೆ ಬೀಳುತ್ತಾರೆ. ಅದಕ್ಕೆ 3 ಗಂಟೆಯ ಗಡುವು ಸೇರಿದರೆ, ನಿಜವಾದ ಸಾಕ್ಷ್ಯ ಪರೀಕ್ಷೆಯೇ ಆಗದೆ ಜನರ ಕಣ್ಣಿಂದ ಮಾಯ. ಎಐ ಪತ್ತೆಹಚ್ಚುವ ಸಾಫ್ಟ್‌ವೇರುಗಳನ್ನೇ ನಂಬುವ ಹಾಗೂ ಇಲ್ಲ, ಅವು ಎರಡೂ ಕಡೆ ತಪ್ಪುತ್ತವೆ.

ಹಾಗಾಗಿ ಊರಿನ ಅಕ್ರಮವನ್ನೋ ಗಲಾಟೆಯನ್ನೋ ನೀವು ಚಿತ್ರೀಕರಿಸಿದ್ದರೆ ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ, ಒಂದು ಪ್ರತಿ ಬೇರೆ ಕಡೆ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಪ್ರತಿ ಕುಗ್ಗಿ, ಒಳಗಿನ ವಿವರಗಳನ್ನು ಕಳೆದುಕೊಳ್ಳುತ್ತದೆ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಫೈಲಿನ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ವಿಡಿಯೊ ಹಿಡಿದ ದಿನವೇ ಆ ಸಂಖ್ಯೆ ತೆಗೆದು ಬರೆದಿಟ್ಟುಕೊಳ್ಳಿ. ಇದಕ್ಕೆ ಪುಕ್ಕಟೆ ಆ್ಯಪ್‌ಗಳಿವೆ. ಗೊತ್ತಾಗದಿದ್ದರೆ ಕಂಪ್ಯೂಟರ್ ಬಲ್ಲ ಹುಡುಗರನ್ನು ಕೇಳಿದರೆ ಮಾಡಿಕೊಡುತ್ತಾರೆ.